ಅಪ್ಪನ ದೀವಟಿಗೆ ನನ್ನ ಕೈಗೆ ಬಂತು. ಇದನ್ನು ನಂಬಿಕೆ ಅನ್ನಬಹುದಾ?

ಊರಿಗೆ ಬಂದವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತು ಇದ್ದಾಗ ಓದಿ.

ನನಗೆ 34 ವರ್ಷ. ಊರು ಕಾಪು ಹತ್ತಿರ. ಬೆಂಗಳೂರಿನಲ್ಲಿ 11 ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದೆ. ನಾವು ಮಡಿವಾಳರು. ನಮ್ಮ ಊರಿನ ನೇಮದ (ಭೂತಕೋಲದ) ರಾತ್ರಿ ದೈವದ ಮುಂದೆ ದೀವಟಿಗೆ ಹಿಡಿಯುವುದು ನಮ್ಮ ಮನೆಯ ಚಾಕಿರಿ. ಅಜ್ಜ ಹಿಡಿದರು, ಆಮೇಲೆ ಅಪ್ಪ. ಎರಡು ವರ್ಷದ ಹಿಂದೆ ಆಟಿ ತಿಂಗಳಲ್ಲಿ ಅಪ್ಪ ತೀರಿಕೊಂಡರು. ಕಳೆದ ವರ್ಷ ಚಿಕ್ಕಪ್ಪ ಹಿಡಿದರು. ಈ ಸಲ ಅವರಿಗೆ ಮೊಣಕಾಲು ನೋವು, ರಾತ್ರಿಯಿಡೀ ನಿಲ್ಲಲು ಆಗುವುದಿಲ್ಲ. "ನೀನು ಬರ್ತೀಯಾ?" ಅಂತ ಫೋನ್ ಮಾಡಿದರು.

ನಾನು ನಂಬುವವನಲ್ಲ. ಕಾಲೇಜಿನಲ್ಲಿ ಇರುವಾಗ ಅಪ್ಪನಿಗೆ ಒಮ್ಮೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ, "ಇದು ಜಾತಿ ಹೆಸರಲ್ಲಿ ಮಾಡಿಸುವ ಬಿಟ್ಟಿ ಕೆಲಸ" ಅಂತ. ಅಪ್ಪ ಜಗಲಿಯಲ್ಲಿ ಕೂತು ದೀವಟಿಗೆಗೆ ಹಳೆ ಬಟ್ಟೆ ಹರಿಯುತ್ತಿದ್ದರು. ಏನೂ ಹೇಳಲಿಲ್ಲ. ಹರಿಯುವುದನ್ನು ನಿಲ್ಲಿಸಲೂ ಇಲ್ಲ.

ಈ ಸಲ ಹೋದದ್ದಕ್ಕೆ ಕಾರಣ ಭಕ್ತಿ ಅಲ್ಲ. ನವೆಂಬರ್‌ನಲ್ಲಿ ಕಂಪೆನಿ ನನ್ನನ್ನು ಕೆಲಸದಿಂದ ತೆಗೆಯಿತು. ಇಪ್ಪತ್ತು ನಿಮಿಷದ ಒಂದು ವಿಡಿಯೊ ಕಾಲ್, ಅಷ್ಟೆ. ಮರುದಿನ ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಕನ್ನಡಿ ನೋಡಿದೆ, ಇವನು ಯಾರು ಅಂತಲೇ ಹೊಳೆಯಲಿಲ್ಲ. ಸಂಬಳ ಹೋದ ಬೇಸರ ಬೇರೆ. ಇದು ಬೇರೆಯದೇ. ಹೊಸ ಕೆಲಸ ಸಿಕ್ಕಿದೆ, ಏಪ್ರಿಲ್‌ನಲ್ಲಿ ಸೇರಬೇಕು. ಆದರೂ ಆ ಖಾಲಿ ಹಾಗೇ ಇತ್ತು.

ನೇಮದ ಸಂಜೆ ಚಿಕ್ಕಪ್ಪ ಕೋಲಿಗೆ ಬಟ್ಟೆ ಸುತ್ತುವುದನ್ನು ಹೇಳಿಕೊಟ್ಟರು. ಬಿಗಿ ಆದರೆ ಎಣ್ಣೆ ಕುಡಿಯುವುದಿಲ್ಲ, ಸಡಿಲ ಆದರೆ ಉರಿಯುತ್ತಾ ಕಳಚಿ ಬೀಳುತ್ತದೆ. ಆಮೇಲೆ ಒಂದೇ ಮಾತು ಹೇಳಿದರು: "ಮೋರೆಗೆ ಬೊಳ್ಪು ಬೀಳಬೇಕು, ಸಿರಿಗೆ ಕಿಚ್ಚು ತಾಗಬಾರದು." ಗೊತ್ತಿಲ್ಲದವರಿಗೆ ಹೇಳುವುದಾದರೆ, ಬೊಳ್ಪು ಅಂದರೆ ಬೆಳಕು, ದೈವ ಸೊಂಟಕ್ಕೆ ಕಟ್ಟುವ ಎಳೆ ತೆಂಗಿನ ಗರಿಯೇ ಸಿರಿ. ದೈವ ಸುಮ್ನೆ ನಿಲ್ಲುವುದಿಲ್ಲ. ಹಾರುತ್ತದೆ, ಗಿರ್ರನೆ ತಿರುಗುತ್ತದೆ. ನಾನೂ ಹಿಂದೆ ಹೋಗಬೇಕು, ಮುಂದೆ ಬರಬೇಕು. ಒಂದು ಮೊಳದ ಲೆಕ್ಕ ತಪ್ಪಿದರೆ ಒಬ್ಬ ಮನುಷ್ಯ ಸುಟ್ಟು ಹೋಗುತ್ತಾನೆ. ಬಿಸಿ ಎಣ್ಣೆ ಮಣಿಕಟ್ಟಿಗೆ ಇಳಿಯುತ್ತಿತ್ತು. ಕೈಯ ಕೂದಲು ಸುಟ್ಟ ವಾಸನೆ. ಮೊದಲ ಒಂದು ಗಂಟೆ ಹೆದರಿಕೆ, ಆಮೇಲೆ ಹೆದರಿಕೆಗೂ ಪುರುಸೊತ್ತು ಇರಲಿಲ್ಲ.

ಬೆಳಗಿನ ಜಾವ ಮೂರು ಗಂಟೆ ಹೊತ್ತಿಗೆ ದೈವದ ನುಡಿ ಶುರುವಾಯಿತು. ಊರಿನ ದೊಡ್ಡ ಮನೆಯಾದ ಗುತ್ತಿನವರನ್ನು ಕರೆಯಿತು, ಊರಿನ ಹತ್ತು ಸಮಸ್ತರನ್ನು ಕರೆಯಿತು. ಆಮೇಲೆ ನನ್ನ ಕಡೆ ತಿರುಗಿತು. ತುಳುವಿನಲ್ಲಿ ಹೇಳಿದ್ದರ ಅರ್ಥ ಇಷ್ಟು: ನಿನ್ನ ಅಪ್ಪ ಹಿಡಿದ ಬೆಳಕಿನಲ್ಲಿ ನಾನು ಈ ಊರು ನೋಡಿದ್ದೇನೆ, ಈಗ ನಿನ್ನ ಬೆಳಕಿನಲ್ಲಿ ನೋಡುತ್ತಿದ್ದೇನೆ.

ನಾನು ಅತ್ತುಬಿಟ್ಟೆ. ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ, ದೀವಟಿಗೆ ಕೆಳಗಿಡುವ ಹಾಗಿಲ್ಲವಲ್ಲ.

ಈಗ ನನ್ನ ಪ್ರಶ್ನೆ. ಆ ರಾತ್ರಿ ನಾನು ಯಾರು ಅಂತ ನನಗೆ ಗೊತ್ತಿತ್ತು. ಎಂತ ಮಾಡಬೇಕು ಅಂತಲೂ ಗೊತ್ತಿತ್ತು. ದೇವರು ಇದ್ದಾನಾ ಅಂತ ಕೇಳಿದರೆ ಇವತ್ತೂ ನನ್ನ ಹತ್ತಿರ ಉತ್ತರ ಇಲ್ಲ. ಇದು ನಂಬಿಕೆಯಾ? ಅಥವಾ ಅಪ್ಪನ ನೆನಪಾ? ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಹೋದ ಮೇಲೆ ಇದು ಉಳಿಯುತ್ತದಾ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಮೊಂತಿ ಹೂವು

ತಮ್ಮಾ, ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಒಂದು ಉತ್ತರ ಉಂಟು.

ನಮ್ಮ ಮನೆ ಬಜ್ಪೆ ಕಡೆ, ಕೊಂಕಣಿ ಕಥೊಲಿಕರು. ನಾನು ಕುವೈತ್‌ನಲ್ಲಿ 9 ವರ್ಷ ನರ್ಸ್ ಆಗಿದ್ದೆ. ಸೆಪ್ಟೆಂಬರ್ 8 ನಮಗೆ ಮೊಂತಿ ಫೆಸ್ತ್, ಮಾತೆ ಮರಿಯಳ ಹುಟ್ಟಿದ ದಿನ. ಅದರ ಮುಂಚಿನ ಒಂಬತ್ತು ದಿನ ಮಕ್ಕಳು ಹೂವು ಕೊಯ್ದು ಇಗರ್ಜಿಗೆ ತರುತ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಮನೆಯಲ್ಲಿ ಅದರ ಕಾಳು ಸುಲಿದು, ಪುಡಿ ಮಾಡಿ, ತೆಂಗಿನ ಹಾಲಿಗೆ ಹಾಕಿ ಎಲ್ಲರೂ ಕುಡಿಯುತ್ತೇವೆ. ಇದೇ ನೊವೆಂ. ಆಮೇಲೆ ಬಾಳೆ ಎಲೆಯಲ್ಲಿ ಊಟ, ಅವತ್ತು ಮೀನಿಲ್ಲ, ಮಾಂಸ ಇಲ್ಲ. ಪಲ್ಯಗಳು ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯಲ್ಲಿ.

ಮನೆಯಲ್ಲಿ ಇಲ್ಲದವರಿಗೂ ಪಾಲು ಉಂಟು. ಅಮ್ಮ ಪ್ರತಿ ವರ್ಷ ಕವರಿನಲ್ಲಿ ನಾಲ್ಕೈದು ಕಾಳು ಹಾಕಿ, ಊರಿಗೆ ಬಂದವರ ಕೈಯಲ್ಲಿ ಕಳಿಸುತ್ತಿದ್ದರು. ಒಂದು ವರ್ಷ ನನಗೆ ರಾತ್ರಿ ಡ್ಯೂಟಿ. ಎರಡು ಗಂಟೆಗೆ ಪ್ಯಾಂಟ್ರಿಯಲ್ಲಿ ಒಬ್ಬಳೇ ನಿಂತು ಉಗುರಿನಲ್ಲಿ ಆ ಕಾಳು ಸುಲಿದೆ. ಹೊಟ್ಟು ಬಿಳಿ ಟೇಬಲ್ ಮೇಲೆ ಬಿತ್ತು. ಪ್ಯಾಕೆಟ್ ಹಾಲಿಗೆ ಹಾಕಿ ಕುಡಿದೆ. ಅಜ್ಜಿ ಹೇಳಿಕೊಟ್ಟ ಪ್ರಾರ್ಥನೆ ಕೊಂಕಣಿಯಲ್ಲಿ ತಾನಾಗಿ ಬಾಯಿಗೆ ಬಂತು. ಆ ಆಸ್ಪತ್ರೆಯಲ್ಲಿ ನಾನು ಒಂದು ಬ್ಯಾಡ್ಜ್ ನಂಬರ್. ಆ ಒಂದು ನಿಮಿಷ ನಾನು ಬಜ್ಪೆಯ ಒಂದು ಗದ್ದೆಯ ಮಗಳು.

ನಮ್ಮ ಹಿರಿಯರ ಕಥೆ ನಿಮಗೆ ಗೊತ್ತಿರಬಹುದು. 1784ರಲ್ಲಿ ಟಿಪ್ಪು ನಮ್ಮವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಹಿಡಿದುಕೊಂಡು ಹೋದ. ಬಿಡುಗಡೆ ಆದದ್ದು 1799ರಲ್ಲಿ. ಹದಿನೈದು ವರ್ಷ. ಬದುಕಿ ತಿರುಗಿ ಬಂದವರು ನೋಡಿದರೆ, ಇಲ್ಲಿನ ಹೆಚ್ಚಿನ ಇಗರ್ಜಿಗಳನ್ನು ಕೆಡವಿ ಆಗಿತ್ತು. ಆದರೂ ಮತ್ತೆ ಭತ್ತ ಬಿತ್ತಿದರು, ಮತ್ತೆ ತೆನೆ ತಂದರು. ನನ್ನ ಅಜ್ಜಿ ಇದನ್ನು ಹೇಳುವಾಗ ಯಾರ ಮೇಲೂ ಸಿಟ್ಟು ಇರುತ್ತಿರಲಿಲ್ಲ, ತೆನೆಯ ವಿಷಯ ಬಂದಾಗ ಮಾತ್ರ ದನಿ ಗಟ್ಟಿ ಆಗುತ್ತಿತ್ತು.

ಹಾಗಾಗಿ ಉಳಿಯುತ್ತದಾ ಅಂತ ಕೇಳಿದರೆ, ಉಳಿಯುತ್ತದೆ. ಆದರೆ ಕೈಗೆ ಎಂತಾದರೂ ಬೇಕು. ಸುಲಿಯಲು ಒಂದು ಕಾಳಾದರೂ ಬೇಕು. ಮನಸ್ಸಿನಲ್ಲೇ ಇಟ್ಟುಕೊಂಡರೆ ಆರು ತಿಂಗಳಲ್ಲಿ ಆವಿಯಾಗಿ ಹೋಗುತ್ತದೆ.

ಮಲ್ಪೆ ಬೋಟ್

ಅಕ್ಕ ಹೇಳಿದ್ದು ಸರಿ. ನಮ್ಮ ಬೋಟಿನಲ್ಲಿ ಕಡಲ ದೈವ ಬೊಬ್ಬರ್ಯನಿಗೆ ಕೈ ಮುಗಿಯದೆ ಯಾರೂ ಹಗ್ಗ ಬಿಚ್ಚುವುದಿಲ್ಲ. ಯಾಕೆ ಅಂತ ಕೇಳಿದರೆ ನನಗೂ ಹೇಳಲು ಬರುವುದಿಲ್ಲ. ಕೈ ಮುಗಿದ ಮೇಲೆ ನಾನು ಮೊಗವೀರ, ಅಷ್ಟು ಗೊತ್ತು.

ಮಣಿಪಾಲದ ಮೇಷ್ಟ್ರು

ನಾನು ನಿವೃತ್ತ ಗಣಿತ ಮೇಷ್ಟ್ರು, ದೇವರನ್ನು ನಂಬುವವನಲ್ಲ. ಯಾರ ಮನಸ್ಸನ್ನೂ ನೋಯಿಸಲು ಬರೆಯುತ್ತಿಲ್ಲ, ಈ ಹುಡುಗನ ಮೇಲೆ ಪ್ರೀತಿ ಬಂದು ಬರೆಯುತ್ತಿದ್ದೇನೆ.

ಆ ರಾತ್ರಿ ನಿಮಗೆ ಸಿಕ್ಕಿದ್ದು ಮೂರು ಸಂಗತಿ ಅಂತ ನನಗೆ ಅನಿಸುತ್ತದೆ. ಅಪ್ಪನ ಜೊತೆ ಮುಗಿಯದೆ ಉಳಿದಿದ್ದ ಮಾತು ಮುಗಿಯಿತು. ಗಮನ ಕೊಟ್ಟು ಮಾಡುವ ಒಂದು ಕಷ್ಟದ ಕೆಲಸ ಸಿಕ್ಕಿತು. ಇಡೀ ಊರು ನಿಮ್ಮನ್ನು ನೋಡಿತು. ಇದಕ್ಕೆ ದೈವ ಬೇಕೇಬೇಕಾ?

ಇನ್ನೊಂದು ಮಾತು. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಧರ್ಮ ಕೊಟ್ಟ ಗುರುತು ಗೋಡೆಯೂ ಆಗಿದೆ. ಯಾರ ಹೋಟೆಲಿನಲ್ಲಿ ಚಹಾ ಕುಡಿಯಬೇಕು, ಯಾರ ಜೊತೆ ಬಸ್ಸಿನಲ್ಲಿ ಕೂರಬೇಕು ಅಂತ ಹುಡುಗರು ಲೆಕ್ಕ ಹಾಕುವುದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಶಿಷ್ಯರೇ ಅವರು. "ನಾನು ಯಾರು" ಅನ್ನುವುದಕ್ಕೆ ಉತ್ತರ ಬೇಗ ಸಿಕ್ಕಿದರೆ ನನಗೆ ಸ್ವಲ್ಪ ಹೆದರಿಕೆ ಆಗುತ್ತದೆ.

ದೇವರಿಲ್ಲದೆಯೂ ಬದುಕಿಗೆ ಗುರಿ ಉಂಟು. ಕುದ್ಮುಲ್ ರಂಗರಾಯರನ್ನು ನೆನೆಸಿಕೊಳ್ಳಿ. ದಲಿತ ಮಕ್ಕಳ ಶಾಲೆಗಾಗಿ ತಮ್ಮ ವಕೀಲಿ, ತಮ್ಮ ಜಾತಿ ಎಲ್ಲವನ್ನೂ ಕಳೆದುಕೊಂಡರು. ಮನುಷ್ಯಪ್ರೀತಿ ಸಾಕಾಯಿತು ಅವರಿಗೆ.

ಗಗ್ಗರ

ಊರಿಗೆ ಬಂದವರೇ, ನೀವು ಬೆಳಕು ಹಿಡಿದ ಕಡೆ ನಾನಿರಲಿಲ್ಲ. ಆದರೆ ಬೆಳಕಿನ ಇನ್ನೊಂದು ಬದಿಯಲ್ಲಿ ಇರುವವ ನಾನು.

ನಾನು ಒಂದು ಕಾಲೇಜಿನಲ್ಲಿ ಉಪನ್ಯಾಸಕ. ದೈವಕ್ಕೆ ಕಟ್ಟುವ, ಅಂದರೆ ನೇಮದಲ್ಲಿ ದೈವವಾಗಿ ನಿಲ್ಲುವ ಮನೆತನ ನಮ್ಮದು. ಪಂಬದ, ಪರವ, ನಲಿಕೆ ಈ ಮೂರು ಸಮುದಾಯಗಳಲ್ಲಿ ಯಾವುದು ಅಂತ ಬರೆಯುವುದಿಲ್ಲ, ಬರೆದರೆ ನನ್ನ ಊರು ಗೊತ್ತಾಗುತ್ತದೆ. ಸೀಸನ್‌ನಲ್ಲಿ ರಜೆ ಹಾಕಿ ಹೋಗುತ್ತೇನೆ. ಸೀಸನ್ ಮುಗಿಸುವ ಪತ್ತನಾಜೆ ಬಂದರೆ ಗಗ್ಗರ (ದೈವದ ಕಾಲಿನ ಗೆಜ್ಜೆ) ಒಳಗೆ, ಮತ್ತೆ ಪಾಠ.

ಎಣ್ಣೆ ಬೂಳ್ಯ (ದೈವ ಕಟ್ಟುವವನಿಗೆ ಕೊಡುವ ಎಣ್ಣೆ, ವೀಳ್ಯ) ತೆಗೆದುಕೊಂಡಾಗಲಿಂದ ನಾನು ನಾನಲ್ಲ. ಮೋರೆಗೆ ಹಳದಿ ಬಣ್ಣದ ಅರದಾಳ ಹಚ್ಚುವಾಗ ಅರ್ಧ ಗಂಟೆ ಯಾರ ಜೊತೆಯೂ ಮಾತಿಲ್ಲ. ಅರದಾಳ ಒಣಗುವಾಗ ಚರ್ಮ ಎಳೆಯುತ್ತದೆ, ಮೋರೆ ಬಿಗಿಯುತ್ತದೆ. ಅಮ್ಮ ದೈವದ ಕಥೆಯ ಹಾಡು, ಪಾಡ್ದನ, ಶುರು ಮಾಡುತ್ತಾರೆ. ದೈವ ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಬಂತು, ಯಾರ ಮನೆಯಲ್ಲಿ ನಿಂತಿತು. ಅಮ್ಮನ ದನಿ ಕೇಳುತ್ತಾ ಕೇಳುತ್ತಾ ನನ್ನ ಹೆಸರು ಹಿಂದೆ ಸರಿಯುತ್ತದೆ. ಆಮೇಲೆ ಗಗ್ಗರ. ಅದನ್ನು ಕಾಲಿಗೆ ಕಟ್ಟಿದ ಮೇಲೆ ಆಗುವುದನ್ನು ಮೂವತ್ತು ಸಲ ಬರೆಯಲು ಪ್ರಯತ್ನ ಮಾಡಿದ್ದೇನೆ, ಬರಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಬರೆಯಬೇಕಾದ್ದು ಬೇರೆ. ರಾತ್ರಿ ಇಡೀ ಊರು ಕೈ ಮುಗಿಯುತ್ತದೆ. ಜಮೀನು ಇದ್ದವರು, ಕಾರಿನಲ್ಲಿ ಬಂದವರು, ಎಲ್ಲರೂ. ಬೆಳಿಗ್ಗೆ ಬಣ್ಣ ತೊಳೆದ ಮೇಲೆ ಊಟಕ್ಕೆ ಕೂತಾಗ, ಒಂದು ಕಡೆ ನನಗೆ ಹೇಳಿದರು, "ನಿಮಗೆ ಆಚೆ ಹಾಕಿದ್ದೇವೆ." ಕೊಟ್ಟಿಗೆ ಬದಿಯಲ್ಲಿ. ಎಲೆ ಒಳ್ಳೆಯದೇ, ಊಟವೂ ಒಳ್ಳೆಯದೇ. ನನ್ನ ಜೊತೆ ಬಂದಿದ್ದ ಮಗಳು, ಏಳು ವರ್ಷ, ಕೇಳಿದಳು: "ಅಪ್ಪಾ, ನಿನ್ನೆ ರಾತ್ರಿ ಇವರೇ ಅಲ್ವಾ ನಿನ್ನ ಕಾಲಿಗೆ ಬಿದ್ದದ್ದು?"

ಎಲ್ಲಾ ಕಡೆ ಹೀಗಿಲ್ಲ. ಪ್ರೀತಿಯಿಂದ ಪಕ್ಕದಲ್ಲೇ ಕೂರಿಸಿಕೊಳ್ಳುವ ಮನೆಗಳು ಈಗ ಬೇಕಾದಷ್ಟು ಇವೆ. ಆದರೂ ಆ ಒಂದು ಬೆಳಿಗ್ಗೆ ನನ್ನಿಂದ ಹೋಗುವುದಿಲ್ಲ.

ನಾನು ಯಾಕೆ ಬಿಟ್ಟಿಲ್ಲ ಅಂತ ಸ್ನೇಹಿತರು ಕೇಳುತ್ತಾರೆ. ನನ್ನ ಬದುಕಿಗೆ ಅರ್ಥ ಕೊಟ್ಟದ್ದು ಅದೇ, ಅದಕ್ಕೆ. ಕಾಲೇಜಿನ ಕೆಲಸ ಹೊಟ್ಟೆಗೆ. ಗಗ್ಗರ ನನಗೆ. ನುಡಿ ಕೊಡುವಾಗ ಬಡವನ ದೂರು ಹೇಳಲು ಹತ್ತು ಜನರ ಮುಂದೆ ಜಾಗ ಉಂಟು, ಆ ಜಾಗ ನನ್ನ ಬಾಯಲ್ಲಿ ಉಂಟು. ಅದನ್ನು ಬಿಟ್ಟುಕೊಡುವುದಿಲ್ಲ. ಆದರೆ ಅರ್ಥ ಕೊಡುವ ನಂಬಿಕೆಗೆ ಮರ್ಯಾದೆ ಕೊಡಲೂ ಬರಬೇಕು. ನಿಮ್ಮ ಕಾಲೇಜು ದಿನದ ಮಾತನ್ನು ನೀವು ಪೂರ್ತಿ ವಾಪಸ್ ತೆಗೆದುಕೊಳ್ಳಬೇಡಿ. ಅದರಲ್ಲಿ ಸತ್ಯ ಇತ್ತು.

ಕುದ್ರೋಳಿ ಅಕ್ಕ

ಗಗ್ಗರ ಅಣ್ಣ, ನಿಮ್ಮ ಮಗಳ ಪ್ರಶ್ನೆ ಓದಿ ಫೋನ್ ಕೆಳಗಿಟ್ಟೆ. ಈಗ ಬರೆಯುತ್ತಿದ್ದೇನೆ.

ನಾವು ಬಿಲ್ಲವರು. ನಮ್ಮ ಮುತ್ತಜ್ಜನ ಕಾಲದಲ್ಲಿ ದೇವಸ್ಥಾನದ ಒಳಗೆ ನಮಗೆ ಜಾಗ ಇರಲಿಲ್ಲ, ದೂರದಲ್ಲಿ ನಿಂತು ಕೈ ಮುಗಿಯಬೇಕಿತ್ತು. ಆಗ ನಮ್ಮ ಹಿರಿಯರು ಕೇರಳಕ್ಕೆ ಹೋಗಿ ನಾರಾಯಣ ಗುರುಗಳನ್ನು ಕಂಡರು. ಗುರುಗಳು ಮಂಗಳೂರಿಗೆ ಬಂದು 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದರು. ಇವತ್ತು ಅಲ್ಲಿನ ದಸರಾಕ್ಕೆ ಊರಿಗೆ ಊರೇ ಬರುತ್ತದೆ, ಯಾರೂ ಯಾರ ಜಾತಿಯನ್ನೂ ಕೇಳುವುದಿಲ್ಲ.

ಮೇಷ್ಟ್ರೇ, ಧರ್ಮ ಗೋಡೆ ಕಟ್ಟುತ್ತದೆ ಅಂದಿರಿ, ಹೌದು. ಆದರೆ ಆ ಗೋಡೆ ಹೊರಗೆ ನಿಂತಿದ್ದವರು ದೇವರೇ ಬೇಡ ಅನ್ನಲಿಲ್ಲ. ದೇವರು ನಮ್ಮವನೂ ಹೌದು ಅಂದರು. ಅಷ್ಟು ಹೇಳಿದ್ದಕ್ಕೇ ಬೆನ್ನು ನೆಟ್ಟಗಾಯಿತು. ಶಾಲೆ, ಸಂಘ, ಉದ್ಯೋಗ ಎಲ್ಲಾ ಆ ಬೆನ್ನಿನ ಮೇಲೆ ಬಂದದ್ದು.

ನನ್ನ ಅಮ್ಮ 41ನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡರು. ಶುಭ ಕಾರ್ಯದಲ್ಲಿ ಅವರೇ ಹಿಂದೆ ಸರಿದು ನಿಲ್ಲುತ್ತಿದ್ದರು, ಯಾರೂ ಹೇಳಬೇಕು ಅಂತ ಇರಲಿಲ್ಲ. ಅಷ್ಟು ಒಳಗೆ ಇಳಿದಿತ್ತು ಅದು. ಮುಂದೆ ಇದೇ ಕುದ್ರೋಳಿಯಲ್ಲಿ ವಿಧವೆಯರನ್ನು ಅರ್ಚಕರಾಗಿ ನೇಮಿಸಿದರು. ಅಮ್ಮ ಒಂದು ಬೆಳಿಗ್ಗೆ ಹೋಗಿ ವಿಧವೆಯೊಬ್ಬರ ಕೈಯಿಂದ ಪ್ರಸಾದ ತೆಗೆದುಕೊಂಡು ಬಂದರು. ಮನೆಗೆ ಬಂದು ಹೂವಿನ ಗಿಡಕ್ಕೆ ನೀರು ಹಾಕಿದರು, ಒಂದು ಮಲ್ಲಿಗೆ ಕೊಯ್ದರು, ತುಂಬಾ ಹೊತ್ತು ಕೈಯಲ್ಲೇ ಇಟ್ಟುಕೊಂಡು ಕೂತರು. ಮುಡಿದರಾ ಇಲ್ವಾ ಅಂತ ನಾನು ನೋಡಲು ಹೋಗಲಿಲ್ಲ.

ಪಾಂಡೇಶ್ವರ

ಮೇಷ್ಟ್ರೇ, ಒಂದು ತಿದ್ದುಪಡಿ, ತಪ್ಪು ತಿಳಿಯಬೇಡಿ. ಕುದ್ಮುಲ್ ರಂಗರಾಯರು ದೇವರನ್ನು ನಂಬುತ್ತಿದ್ದರು. ಅವರು ಬ್ರಹ್ಮಸಮಾಜದವರು. ಒಬ್ಬನೇ ದೇವರು, ಅವನ ಮುಂದೆ ಮೇಲು ಕೀಳು ಇಲ್ಲ ಅಂತ ನಂಬಿದ ಮೇಲೆ, ಅದನ್ನು ಪ್ರಾರ್ಥನೆಗಷ್ಟೇ ಬಿಡಲು ಅವರಿಗೆ ಆಗಲಿಲ್ಲ. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸಾರಸ್ವತ ಬ್ರಾಹ್ಮಣರಾಗಿ ಹುಟ್ಟಿದವರನ್ನು ಅವರ ಜನರೇ ಹೊರಗಿಟ್ಟರು. ಕೊನೆಗಾಲದಲ್ಲಿ ಸನ್ಯಾಸ ತೆಗೆದುಕೊಂಡು ಈಶ್ವರಾನಂದ ಆದರು. ತೀರಿಕೊಂಡದ್ದು 1928ರಲ್ಲಿ.

ಅವರ ಸಮಾಧಿ ಮೇಲೆ ಅವರ ಆಸೆ ಬರೆದಿದ್ದಾರೆ. ನನ್ನ ಶಾಲೆಯಲ್ಲಿ ಕಲಿತ ದಲಿತ ಮಕ್ಕಳು ದೊಡ್ಡ ನೌಕರಿ ಹಿಡಿದು, ನಮ್ಮ ಬೀದಿಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಚಕ್ರದ ಧೂಳು ನನ್ನ ತಲೆಗೆ ತಾಗಬೇಕು, ಆಗ ನನ್ನ ಜನ್ಮ ಸಾರ್ಥಕ ಅಂತ. ನಮ್ಮ ಊರಿನಲ್ಲಿ ತಲೆಗೆ ಹಾಕಿಕೊಳ್ಳುವ ಧೂಳು ಅಂದರೆ ಗುರುಗಳ ಪಾದದ್ದು, ದೇವರ ಪಾದದ್ದು. ಭಕ್ತರ ಆ ಮಾತನ್ನೇ ತೆಗೆದುಕೊಂಡು ಅವರು ಈ ಮಕ್ಕಳ ಕಾರಿನ ಹತ್ತಿರ ಇಟ್ಟರು. ನಂಬಿಕೆ ಇಲ್ಲದವರಿಗೆ ಆ ಮಾತು ಹೊಳೆಯುತ್ತಿತ್ತಾ ಅಂತ ನನಗೆ ಸಂಶಯ.

ಮಣಿಪಾಲದ ಮೇಷ್ಟ್ರು

ಒಪ್ಪಿದೆ. ಅವರ ಬ್ರಹ್ಮಸಮಾಜದ ವಿಷಯ ನಾನು ಮರೆಯಬಾರದಿತ್ತು. ನನ್ನ ಉದಾಹರಣೆ ನಿಮ್ಮ ಕಡೆ ಸೇರಿತು. ಆದರೆ ಅಪನಂಬಿಕೆ ನನ್ನದೇ, ಅದನ್ನು ಇಟ್ಟುಕೊಳ್ಳುತ್ತೇನೆ. ಸಂಜೆ ಐದರಿಂದ ಏಳರವರೆಗೆ ನಮ್ಮ ಜಗಲಿಯಲ್ಲಿ ಹನ್ನೆರಡು ಮಕ್ಕಳು ಲೆಕ್ಕ ಕಲಿಯಲು ಬರುತ್ತಾರೆ. ಹೆಂಡತಿ ಹೋದ ಮೇಲೆ ನನ್ನನ್ನು ಎಬ್ಬಿಸಿ ಕೂರಿಸಿದ್ದು ಆ ಮಕ್ಕಳು. ಕುದ್ರೋಳಿ ಅಕ್ಕ, ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಬಂದರ್ ಬ್ಯಾರಿ

ಅಸ್ಸಲಾಮು ಅಲೈಕುಂ, ಎಲ್ಲರಿಗೂ ನಮಸ್ಕಾರ. ಮೇಷ್ಟ್ರ ಜಗಲಿಯ ವಿಷಯ ಓದಿ ನನಗೂ ಬರೆಯಬೇಕು ಅನಿಸಿತು.

ನಾನು ದಮ್ಮಾಮ್‌ನಲ್ಲಿ ಡ್ರೈವರ್ ಆಗಿದ್ದೆ. 2019ರಲ್ಲಿ ಕೆಲಸ ಹೋಗಿ ವಾಪಸ್ ಬಂದೆ. ಮನೆಯಲ್ಲಿ ಮೂರು ಮಕ್ಕಳು, ಮೇಲೆ ಸಾಲ. ನಮಾಜ್ ತಪ್ಪಿಸುತ್ತಿರಲಿಲ್ಲ, ಆದರೆ ನಿಜ ಹೇಳುತ್ತೇನೆ, ಪ್ರತಿ ನಮಾಜ್‌ನಲ್ಲೂ ನನ್ನದು ಒಂದೇ: ನನಗೆ ಕೆಲಸ ಕೊಡು, ನನಗೆ ಹಣ ಕೊಡು. ದೇವರ ಹತ್ತಿರ ನನ್ನದೊಂದು ಲೆಕ್ಕದ ಪುಸ್ತಕ ಇತ್ತು.

ಒಂದು ದಿನ ನಮ್ಮ ಮೊಹಲ್ಲಾದಲ್ಲಿ ಮಯ್ಯತ್ (ಸಾವು) ಆಯಿತು. ಒಬ್ಬಂಟಿ ಮುದುಕ, ಹತ್ತಿರದವರು ಯಾರೂ ಇಲ್ಲ. ಸ್ನಾನ ಮಾಡಿಸಲು ಜನ ಕಡಿಮೆ ಇತ್ತು. ಉಸ್ತಾದರು ನನ್ನ ಕಡೆ ನೋಡಿದರು. ನಾನು ಅಲ್ಲಿಯವರೆಗೆ ಹೆಣ ಮುಟ್ಟಿದವನಲ್ಲ.

ನೀರು ಉಗುರು ಬೆಚ್ಚಗೆ ಇರಬೇಕು. ಬಲಗಡೆಯಿಂದ ಶುರು ಮಾಡಬೇಕು. ಮೂರು ಸಲ, ಬೇಕಾದರೆ ಐದು ಸಲ, ಬೆಸ ಸಂಖ್ಯೆ. ಕೊನೆಯ ನೀರಿಗೆ ಕರ್ಪೂರ. ಮೈ ಮೇಲಿನ ಬಟ್ಟೆ ಪೂರ್ತಿ ತೆಗೆಯುವ ಹಾಗಿಲ್ಲ, ಸತ್ತವನಿಗೂ ಮಾನ ಉಂಟು. ಆ ಮುದುಕನ ಅಂಗೈಯಲ್ಲಿ ಹಗ್ಗ ಎಳೆದು ಎಳೆದು ಗಟ್ಟಿಯಾದ ಚರ್ಮ. ಬಂದರಿನ ಧಕ್ಕೆಯಲ್ಲಿ ದುಡಿದವರು. ಬೆರಳಿನ ಸಂದಿ ತೊಳೆಯುವಾಗ ನನ್ನ ಬಾಪ್ಪನ (ಅಪ್ಪನ) ಕೈ ನೆನಪಾಯಿತು. ಮೆಲ್ಲ, ಮೆಲ್ಲ ಅಂತ ಉಸ್ತಾದರು ಹೇಳುತ್ತಿದ್ದರು, ಮಗುವಿಗೆ ಸ್ನಾನ ಮಾಡಿಸುವ ಹಾಗೆ.

ಅವತ್ತು ಮನೆಗೆ ಬಂದು ನಮಾಜ್‌ಗೆ ನಿಂತೆ. ಎಂತ ಕೇಳುವುದು ಅಂತಲೇ ಗೊತ್ತಾಗಲಿಲ್ಲ. ಕೇಳಲು ಏನೂ ಇರಲಿಲ್ಲ. ಹಣೆ ನೆಲಕ್ಕಿಟ್ಟು ಸುಮ್ನೆ ಸುಜೂದ್‌ನಲ್ಲಿ ಇದ್ದೆ.

ಆಮೇಲೆ 2020, 2021 ಬಂತು. ಕೊರೊನಾ. ಆ ಕಾಲದಲ್ಲಿ ನಾವು ಐದಾರು ಹುಡುಗರು ಪಿಪಿಇ ಹಾಕಿಕೊಂಡು ಹೋಗುತ್ತಿದ್ದೆವು. ಸ್ನಾನಕ್ಕೆ ಅವಕಾಶ ಇಲ್ಲದಿದ್ದರೆ ತಯಮ್ಮುಮ್, ಅಂದರೆ ನೀರಿನ ಬದಲು ಮಣ್ಣಿನಿಂದ ಮಾಡುವ ಶುದ್ಧಿ. ಮುಸ್ಲಿಮರದ್ದು ಮಾತ್ರ ಅಲ್ಲ. ಮಗ ದುಬೈಯಲ್ಲಿ ಸಿಕ್ಕಿಹಾಕಿಕೊಂಡಿದ್ದ ಒಬ್ಬ ಹಿಂದೂ ಅಜ್ಜಿಯನ್ನು ಚಿತೆಗೆ ತಲುಪಿಸಿದೆವು. ಮಗ ವಿಡಿಯೊದಲ್ಲಿ ಮಂತ್ರ ಹೇಳಿದ, ಫೋನ್ ನನ್ನ ಕೈಯಲ್ಲಿತ್ತು. ಕೈ ನಡುಗಬಾರದು ಅಂತ ಇನ್ನೊಂದು ಕೈಯಲ್ಲಿ ಮಣಿಕಟ್ಟು ಹಿಡಿದುಕೊಂಡಿದ್ದೆ. ತಮ್ಮಾ, ನೀವು ದೀವಟಿಗೆ ಹಿಡಿದದ್ದು ಓದುವಾಗ ನನಗೆ ಅದೇ ನೆನಪಾದದ್ದು.

ಈಗ ಪಂಪ್‌ವೆಲ್ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದೇನೆ. ಸಂಪಾದನೆ ಜಾಸ್ತಿ ಇಲ್ಲ. ಮಯ್ಯತ್ ಅಂತ ಫೋನ್ ಬಂದರೆ ಅಂಗಡಿಗೆ ಅರ್ಧ ಶಟರ್ ಎಳೆದು ಹೋಗುತ್ತೇನೆ. ನೀನು ಯಾರು ಅಂತ ಕೇಳಿದರೆ ಈಗ ಹೇಳಲು ಬರುತ್ತದೆ.

ನಮ್ಮ ಹರೇಕಳ ಹಾಜಬ್ಬರನ್ನು ನೋಡಿ. ಬುಟ್ಟಿಯಲ್ಲಿ ಕಿತ್ತಳೆ ಮಾರಿ ಊರಿಗೆ ಶಾಲೆ ತಂದರು. ಶುರುವಾದದ್ದು ಮಸೀದಿಯ ಮದ್ರಸದಲ್ಲಿ. ಪದ್ಮಶ್ರೀ ತೆಗೆದುಕೊಳ್ಳಲು ರಾಷ್ಟ್ರಪತಿಗಳ ಮುಂದೆ ಬರಿಗಾಲಿನಲ್ಲಿ ಹೋದರು. ಅವರು ಧರ್ಮದ ಬಗ್ಗೆ ದೊಡ್ಡ ಭಾಷಣ ಮಾಡಿದ್ದು ನಾನು ಕೇಳಿಲ್ಲ.

ರಥಬೀದಿ

ಉಡುಪಿಯಿಂದ. ನನ್ನ ತಂದೆ ಕೃಷ್ಣ ಮಠದ ಅಡುಗೆಯಲ್ಲಿ 30 ವರ್ಷ ದುಡಿದರು. ಹುಳಿಗೆ ತೆಂಗಿನಕಾಯಿ ತುರಿಯುವುದೇ ಅವರಿಗೆ ಪೂಜೆ. ಗರ್ಭಗುಡಿ ಕಡೆ ಹೋಗಲು ಪುರುಸೊತ್ತು ಸಿಗದ ದಿನ, ಒಲೆ ಮುಂದೆಯೇ ಕೈ ಮುಗಿಯುತ್ತಿದ್ದರು.

ಚಾಕಿರಿ ಉಳಿಯುತ್ತದಾ ಅನ್ನುವುದಕ್ಕೆ ನಮ್ಮ ಮಠಗಳ ಪರ್ಯಾಯ ಉತ್ಸವದ ಒಂದು ಮಾತು. ಅಷ್ಟಮಠಗಳಿಗೆ ಕೃಷ್ಣನ ಪೂಜೆ ಸರದಿಯಲ್ಲಿ ಬರುತ್ತದೆ. ಮೊದಲು ಎರಡು ತಿಂಗಳಿಗೊಮ್ಮೆ ಬದಲಾಗುತ್ತಿತ್ತು, ವಾದಿರಾಜರು ಅದನ್ನು ಎರಡು ವರ್ಷ ಮಾಡಿದರು. ಜನವರಿ 18ರ ಬೆಳಗಿನ ಜಾವ, ಇಳಿಯುವ ಸ್ವಾಮಿಗಳು ಏರುವ ಸ್ವಾಮಿಗಳ ಕೈಗೆ ಅಕ್ಷಯ ಪಾತ್ರೆ, ಸಟ್ಟುಗ, ಗರ್ಭಗುಡಿಯ ಬೀಗದ ಕೈ ಕೊಡುತ್ತಾರೆ. 2024ರಲ್ಲಿ ಕೃಷ್ಣಾಪುರದವರು ಪುತ್ತಿಗೆಯವರಿಗೆ ಕೊಟ್ಟಾಗ ನಾನು ಜನರ ಮಧ್ಯೆ ನಿಂತಿದ್ದೆ. ಕೊಟ್ಟ ಮೇಲೆ ಮತ್ತೆ ತಮ್ಮ ಸರದಿ ಬರಲು 14 ವರ್ಷ ಕಾಯಬೇಕು.

ಆ ಹದಿನಾಲ್ಕು ವರ್ಷ ಅವರು ಕೃಷ್ಣನವರಲ್ಲ ಅಂತ ಯಾರಾದರೂ ಹೇಳುತ್ತಾರಾ? ಹಾಗೆಯೇ ನೀವು ಬೆಂಗಳೂರಿನಲ್ಲಿ ಇರುವ 364 ದಿನವೂ ಆ ದೀವಟಿಗೆ ನಿಮ್ಮದೇ. ಸರದಿ ಬಂದಾಗ ಬರಬೇಕು, ಅಷ್ಟೆ.

ಹಿಂಗಾರ

ಎಲ್ಲರದ್ದೂ ಓದಿದೆ. ಒಂದು ಪ್ರಶ್ನೆ ಕೇಳಬೇಕು ಅನಿಸುತ್ತದೆ. ಇಲ್ಲಿ ದೀವಟಿಗೆ, ಗಗ್ಗರ, ಬೀಗದ ಕೈ ಎಲ್ಲಾ ಅಪ್ಪನಿಂದ ಮಗನಿಗೆ, ಗಂಡಸಿನಿಂದ ಗಂಡಸಿಗೆ. ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ ಕುಟುಂಬದ ದೈವ ಬರುವುದು ತಾಯಿಯ ಬಳಿಯಿಂದ, ಅಂದರೆ ತಾಯಿಯ ವಂಶದಿಂದ. ಆದರೆ ದೈವದ ಮುಂದೆ ನಿಲ್ಲುವವರು ಮಾವಂದಿರು. ನಾವು ಹೆಂಗಸರು ಒಳಗೆ ದೈವದ ನೈವೇದ್ಯಕ್ಕೆ ಹಿಟ್ಟು ಕಲಸುತ್ತೇವೆ ಅಂತ ಬರೆಯಲು ಹೊರಟೆ, ಆಮೇಲೆ ಸಿರಿ ಎನ್ನುವ ಹೆಣ್ಣುದೈವದ ನೆನಪಾಯಿತು.

ಕವತ್ತಾರು, ಹಿರಿಯಡ್ಕ ಇಲ್ಲೆಲ್ಲ ಹುಣ್ಣಿಮೆ ರಾತ್ರಿ ಸಿರಿ ಜಾತ್ರೆ ಆಗುತ್ತದೆ. ಹೆಂಗಸರು ಸಾಲಾಗಿ ಕೂರುತ್ತಾರೆ, ಕೈಯಲ್ಲಿ ಹಿಂಗಾರ, ಅಂದರೆ ಅಡಿಕೆ ಹೂವಿನ ಗೊಂಚಲು. ಸಿರಿ ಅಂದರೆ, ಮೋಸ ಮಾಡಿದ ಗಂಡನಿಗೆ ನೀನು ನನಗೆ ಬೇಡ ಅಂತ ಹೇಳಿ ಎದ್ದು ಬಂದವಳು. ಅವಳು ಮೈಮೇಲೆ ಬಂದಾಗ, ಮನೆಯಲ್ಲಿ ಬಾಯಿ ಬಿಡದ ಹೆಂಗಸು ಗಟ್ಟಿಯಾಗಿ ಮಾತಾಡುತ್ತಾಳೆ. ನನ್ನ ದೊಡ್ಡಮ್ಮ 22 ವರ್ಷ ಕೂತರು. ಮದುವೆಯಾದ ಹೊಸತರಲ್ಲಿ ಅವರಿಗೆ ಮನೆಯಲ್ಲಿ ತುಂಬಾ ಕಷ್ಟ ಇತ್ತು. ಜಾತ್ರೆಯಿಂದ ಬಂದ ಬೆಳಿಗ್ಗೆ ಹಿಂಗಾರದ ಹುಡಿ ಅವರ ಕೂದಲಲ್ಲಿ ಇರುತ್ತಿತ್ತು. ಅವತ್ತು ಒಂದು ದಿನ ಮನೆಯಲ್ಲಿ ಯಾರೂ ಅವರಿಗೆ ದನಿ ಎತ್ತುತ್ತಿರಲಿಲ್ಲ. ಆಮೇಲೆ ಎರಡು ದಿನ ಆಯಿತು, ಆಮೇಲೆ ವರ್ಷ ಪೂರ್ತಿ. ಕೊನೆಗೆ ಮನೆಯ ನ್ಯಾಯ ತೀರ್ಮಾನ ಎಲ್ಲಾ ಅವರದ್ದೇ ಆಯಿತು.

ಊರಿಗೆ ಬಂದವರೇ, ನಿಮಗೆ ಮಗಳು ಹುಟ್ಟಿದರೆ ದೀವಟಿಗೆ ಯಾರಿಗೆ ಕೊಡುತ್ತೀರಿ? ಈಗಲೇ ಹೇಳಬೇಕು ಅಂತಿಲ್ಲ.

ಊರಿಗೆ ಬಂದವ

ಮೂರು ದಿನದಿಂದ ಬರೆದು ಅಳಿಸಿ ಮಾಡುತ್ತಿದ್ದೇನೆ.

ದೇವರು ಇದ್ದಾನಾ ಅನ್ನುವುದಕ್ಕೆ ಉತ್ತರ ಸಿಕ್ಕಿದ ಮೇಲೆ ನಂಬಿಕೆ ಶುರುವಾಗುತ್ತದೆ ಅಂತ ನಾನು ತಿಳಿದಿದ್ದೆ. ನಿಮ್ಮಲ್ಲಿ ಯಾರೂ ಹಾಗೆ ಶುರು ಮಾಡಿಲ್ಲ. ಮೊಂತಿ ಅಕ್ಕ ಕಾಳು ಸುಲಿದರು, ಬ್ಯಾರಿ ಅಣ್ಣ ಬೆರಳಿನ ಸಂದಿ ತೊಳೆದರು. ನನಗೆ ಸಿಕ್ಕಿದ್ದೂ ಒಂದು ಕೋಲು, ಒಂದಿಷ್ಟು ಹಳೆ ಬಟ್ಟೆ. ನನ್ನದು ನಂಬಿಕೆಯೇ ಅಂತ ಈಗ ಹೇಳಲು ನಾಚಿಕೆ ಇಲ್ಲ.

ಗಗ್ಗರ ಅವರೇ, ನಿಮ್ಮ ಮಗಳ ಮಾತು ನನ್ನನ್ನು ಮಲಗಲು ಬಿಟ್ಟಿಲ್ಲ. ನಿನ್ನೆ ಚಿಕ್ಕಪ್ಪನ ಜೊತೆ ಹೋಗಿ ನಮ್ಮ ಸಮಿತಿಯವರನ್ನು ಕಂಡೆ. ನಮ್ಮಲ್ಲಿ ಕಟ್ಟಿದವರು ಬೆಳಿಗ್ಗೆ ಎಲ್ಲಿ ಊಟ ಮಾಡುತ್ತಾರೆ ಅಂತ ಕೇಳಿದೆ. ಇಷ್ಟು ವರ್ಷ ಬೆಳಕು ಹಿಡಿದ ಮನೆಯವನಿಗೆ ಅದು ಗೊತ್ತಿರಲಿಲ್ಲ, ನೋಡಿ. ಉತ್ತರ ನೀವು ಬರೆದ ಹಾಗೆಯೇ ಇತ್ತು. ಬರುವ ವರ್ಷದಿಂದ ಒಂದೇ ಸಾಲು, ಅವರ ಪಕ್ಕದ ಎಲೆ ನನ್ನದು ಅಂದೆ. ಒಬ್ಬರು ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿನ್ನ ಅಪ್ಪ ಇದನ್ನೇ ಒಮ್ಮೆ ಕೇಳಿದ್ದ, ನಾವು ಆಗ ಕೇಳಲಿಲ್ಲ" ಅಂದರು.

ಅಪ್ಪ ನನಗೆ ಇದನ್ನು ಹೇಳಿಯೇ ಇರಲಿಲ್ಲ.

ಹಿಂಗಾರ ಅಕ್ಕ, ನನಗೆ ಐದು ವರ್ಷದ ಮಗಳಿದ್ದಾಳೆ. ಬಟ್ಟೆ ಸುತ್ತಲು ಹೇಳಿಕೊಡುತ್ತೇನೆ. ಹಿಡಿಯಲು ಊರು ಒಪ್ಪುತ್ತದಾ ಅನ್ನುವ ಜಗಳ ಅವಳು ದೊಡ್ಡವಳಾಗುವ ಮುಂಚೆ ನಾನು ಮಾಡಿ ಮುಗಿಸಬೇಕು.

ಭಾನುವಾರ ರಾತ್ರಿ ಬಸ್ಸು. ಪತ್ತನಾಜೆಯ ಮೊದಲು ಪಕ್ಕದ ಊರಿನಲ್ಲಿ ಒಂದು ನೇಮ ಉಂಟಂತೆ, ಅಲ್ಲಿ ಬೆಳಕು ಹಿಡಿಯುವವರಿಗೆ ವಯಸ್ಸಾಗಿದೆ. ಬರುತ್ತೇನೆ ಅಂತ ಹೇಳಿದ್ದೇನೆ.

ಗಗ್ಗರ

ಆ ಪಕ್ಕದ ಊರಿನ ನೇಮಕ್ಕೆ ಕಟ್ಟಲು ಒಪ್ಪಿಕೊಂಡವನು ನಾನೇ ಇರಬೇಕು. ಮೆಸೇಜಿನಲ್ಲಿ ಊರಿನ ಹೆಸರು ಕಳಿಸಿ.

ಬಟ್ಟೆ ತರುವಾಗ ಹಳೆ ಹತ್ತಿಯದ್ದೇ ತನ್ನಿ, ತೊಳೆದು ತೊಳೆದು ಮೆತ್ತಗಾದದ್ದು. ಪಾಲಿಸ್ಟರ್ ಸೇರಿದರೆ ಹೊಗೆ ಕಪ್ಪಾಗುತ್ತದೆ, ನನಗೆ ಕಣ್ಣು ಬಿಡಲು ಆಗುವುದಿಲ್ಲ. ಮಗಳನ್ನೂ ಕರೆದುಕೊಂಡು ಬನ್ನಿ. ನನ್ನವಳೂ ಬರುತ್ತಾಳೆ.